ಸಂಪಂಗಿ ಕೆರೆಯಂಗಳದಲ್ಲಿ ಒಂದು ಶನಿವಾರ

ಬೆಳಗಿನ ಶಾಲೆ ಮುಗಿಸಿ, ಬುತ್ತಿಯ ಗಂಟುಗಳನ್ನು ಹೆಗಲಿಗೇರಿಸಿಕೊಂಡು, ಹದಿನಾಲ್ಕು ಮಕ್ಕಳು, ನಾಲ್ವರು ಪೋಷಕರು, ನಮ್ಮ ಡ್ರಿಲ್ ಮೇಷ್ಟ್ರು ಮತ್ತು ನಾನು ಚನ್ನಪಟ್ಟಣದ ರೈಲು ನಿಲ್ದಾಣದಲ್ಲಿ ಹಾಜರಾದೆವು. ಅಂದು 2025ರ ಜುಲೈ 5, ಶನಿವಾರ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸಂಜೆ ನೀರಜ್ ಚೋಪ್ರಾ ಭರ್ಜಿ ಎಸೆಯುವವರಿದ್ದರು. ಭಾರತದ ನೆಲದಲ್ಲಿ ಭರ್ಜಿ ಎಸೆತಕ್ಕೆಂದೇ ನಡೆಯುತ್ತಿದ್ದ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ ಅದು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಿದಿರಿನ ಗಳುವಿಗೆ ತುದಿ ಚೂಪು ಮಾಡಿಕೊಂಡು ತಿಂಗಳುಗಟ್ಟಲೆ ಶಾಲೆಯ ಹಿಂದಿನ ಬಯಲಿನಲ್ಲಿ ಎಸೆಯುತ್ತಿದ್ದ. 'ಸಾರ್, ನಿಜವಾದ ಜಾವೆಲಿನ್ ಒಂದು ಸಲ ನೋಡಬೇಕು' ಎಂದು ಅವನು ಹಟ ಹಿಡಿದದ್ದೇ ಈ ಪ್ರವಾಸಕ್ಕೆ ಮೂಲ.

ಅವನ ತಾಯಿಯೂ ನಮ್ಮೊಡನೆ ಬಂದಿದ್ದಳು. ಅವಳೂ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿಯೇ. ಈಗ ಪಟ್ಟಣದಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಮನೆ ನಡೆಸುತ್ತಿದ್ದಾಳೆ. ಅವಳು ಬರುತ್ತಾಳೆಂದು ತಿಳಿದಾಗ ನನಗೆ ಸ್ವಲ್ಪ ಇರುಸುಮುರುಸಾಯಿತು. ಅದರ ಕಾರಣ ಮುಂದೆ ಹೇಳುತ್ತೇನೆ.

ರೈಲು ರಾಮನಗರ ಬಿಟ್ಟು ಅರ್ಕಾವತಿ ದಾಟುವಾಗ ಮಕ್ಕಳೆಲ್ಲ ಕಿಟಕಿಗೆ ಮುತ್ತಿಕೊಂಡರು. ರಾಮದೇವರ ಬೆಟ್ಟದ ಬಂಡೆಗಳನ್ನು ತೋರಿಸಿ 1975ರ 'ಶೋಲೆ' ಚಿತ್ರದ ಕಥೆ ಹೇಳಲು ಹೊರಟ ಡ್ರಿಲ್ ಮೇಷ್ಟ್ರಿಗೆ, ಈ ಮಕ್ಕಳು ಆ ಚಿತ್ರವನ್ನೇ ನೋಡಿಲ್ಲವೆಂದು ತಿಳಿದು ತುಂಬ ಬೇಸರವಾಯಿತು. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಮಾತು ಬಂತು. ಇಳಿಯುವ ಹಾಗಿಲ್ಲವಲ್ಲ, ಮಾತಿನಲ್ಲೇ ಮುಗಿಸಿದೆವು. ನಮ್ಮ ಶಾಲೆಯಲ್ಲಿ ಸುತ್ತಲ ಹಳ್ಳಿಗಳ ಮಕ್ಕಳಲ್ಲದೆ ಹಾಸ್ಟೆಲಿನಲ್ಲಿದ್ದು ಓದುವ ಕನಕಪುರ, ಮಾಗಡಿ ಕಡೆಯವರೂ ಇದ್ದಾರೆ. ನಾಲ್ಕು ತಾಲ್ಲೂಕಿನ ಮಕ್ಕಳು ಒಂದೇ ಬೋಗಿಯಲ್ಲಿ ಕೂತರೆ ಯಾರ ಊರು ದೊಡ್ಡದು ಎಂಬ ಜಗಳ ಕೆಂಗೇರಿಯವರೆಗೆ ಮುಗಿಯುವುದಿಲ್ಲ. ನನ್ನ ಹುಟ್ಟೂರು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿತ್ತು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಕೂತಲ್ಲೇ ಕೂತು ಮೂರು ಜಿಲ್ಲೆ ಕಂಡವನು ನಾನು.

ಮೆಜೆಸ್ಟಿಕ್ಕಿನಲ್ಲಿ ಇಳಿದು ಮೆಟ್ರೋ ಹತ್ತುವ ಮುನ್ನ ಮಕ್ಕಳನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದೆ: 'ಈಗ ನಾವು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗುತ್ತಿದ್ದೇವೆ, ಕಾಲು ಒದ್ದೆಯಾಗುವುದಿಲ್ಲ. ಹೇಗೆ?' ಯಾರಿಗೂ ತಿಳಿಯಲಿಲ್ಲ. ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಬೆಂಗಳೂರಿನ ಹಾಕಿ ಕ್ರೀಡಾಂಗಣದ ಕೆಳಗೂ ಅಕ್ಕಿತಿಮ್ಮನಹಳ್ಳಿ ಕೆರೆಯೇ ಇದೆ. ಹಿಂದಿನವರು ನೀರು ನಿಲ್ಲಿಸಿದ ಕಡೆಯೆಲ್ಲ ನಾವು ಜನರನ್ನು ನಿಲ್ಲಿಸಿದ್ದೇವೆ. ವಿಶಾಲವಾದ, ಸಮತಟ್ಟಾದ, ಖಾಸಗಿ ಒಡೆಯರಿಲ್ಲದ ಜಾಗ ಊರ ನಡುವೆ ಬೇಕೆಂದರೆ ಬತ್ತಿದ ಕೆರೆಗಿಂತ ಅನುಕೂಲವಾದದ್ದು ಸಿಗುವುದಿಲ್ಲ.

ಸಂಪಂಗಿ ಕೆರೆ ಕೆಂಪೇಗೌಡರ ಕಾಲದ್ದೆಂದು ಪ್ರತೀತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು, ಎರಡಕ್ಕೂ ಅದರ ನೀರು ಬೇಕಾಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಊರ ಕೆರೆಗಳ ಮೇಲಿನ ಮುತುವರ್ಜಿ ಕಡಿಮೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅಂಗಳ ಒಣಗಿ ಆಟದ ಬಯಲಾಯಿತು, ಆಮೇಲೆ ಕ್ರೀಡಾಂಗಣವಾಯಿತು. ಇಂದಿಗೂ ಆವರಣದಲ್ಲಿ ಒಂದು ಪುಟ್ಟ ಕೊಳ ಉಳಿದಿದೆ. ಬೆಂಗಳೂರು ಕರಗದ ದಿನಗಳಲ್ಲಿ ತಿಗಳ ಸಮುದಾಯದವರು ಪೂಜೆಗೆ ಬರುವುದರಿಂದಲೇ ಅಷ್ಟಾದರೂ ಉಳಿಯಿತು ಎನ್ನಬೇಕು. ಕೆಂಪೇಗೌಡರ ಹೆಸರು ಕೇಳಿದ್ದೇ ತಡ, ಮಾಗಡಿಯ ಹುಡುಗ ಎದೆಯುಬ್ಬಿಸಿ 'ಹಂಗಾದ್ರೆ ಸ್ಟೇಡಿಯಂ ನಮ್ದೇ ಸಾರ್' ಎಂದ. ಕನಕಪುರದವನು ಬಿಡುತ್ತಾನೆಯೇ? 2023ರ ಮೇ 20ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿಯೂ ಕನಕಪುರದ ಡಿ.ಕೆ. ಶಿವಕುಮಾರ್ ಅವರು ಉಪಮುಖ್ಯಮಂತ್ರಿಯಾಗಿಯೂ ಪ್ರಮಾಣವಚನ ಸ್ವೀಕರಿಸಿದ್ದು ಇದೇ ಕ್ರೀಡಾಂಗಣದಲ್ಲಿ ಎಂದು ಅವನು ನೆನಪಿಸಿದ. ರಾಮನಗರದವರ ಪರವಾಗಿ ನಾನೇ ಬಾಯಿ ಹಾಕಬೇಕಾಯಿತು. ಮೆಟ್ರೋ ವಿಧಾನಸೌಧದ ನಿಲ್ದಾಣದಲ್ಲಿ ನಿಂತಾಗ, ಆ ಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಎಲ್ಲಿಯವರು ಎಂದು ಕೇಳಿದೆ.

ಕಬ್ಬನ್ ಪಾರ್ಕಿನ ನಿಲ್ದಾಣದಲ್ಲಿ ಇಳಿದು ಮರಗಳ ನೆರಳಿನಲ್ಲಿ ನಡೆದೆವು. ದೂರದಿಂದಲೇ ದೀಪದ ಕಂಬಗಳು ಕಾಣಿಸಿದವು. ಈ ಸ್ಪರ್ಧೆಯನ್ನು ಮೊದಲು ಹರಿಯಾಣದ ಪಂಚಕುಲದಲ್ಲಿ ನಡೆಸಬೇಕೆಂದಿತ್ತು. ಅಲ್ಲಿನ ಬೆಳಕು ದೂರದರ್ಶನದ ಪ್ರಸಾರಕ್ಕೆ ಸಾಲದೆಂದು ಬೆಂಗಳೂರಿಗೆ ತಂದರು. ಮೇ 24ಕ್ಕೆ ನಿಗದಿಯಾಗಿದ್ದುದು ಗಡಿಯ ಸಂಘರ್ಷದಿಂದ ಮುಂದೂಡಿ ಜುಲೈಗೆ ಬಂತು. ಬರಿಗಣ್ಣಿಗೆ ಸಾಕಾಗುವ ಬೆಳಕು ಕ್ಯಾಮೆರಾಕ್ಕೆ ಸಾಲದು. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರುವ ಕೋಲನ್ನು ಮಸುಕಾಗದಂತೆ ಹಿಡಿಯಬೇಕಾದರೆ ಕ್ಯಾಮೆರಾದ ಕಣ್ಣು ಬಹಳ ಕಡಿಮೆ ಹೊತ್ತು ತೆರೆದಿರಬೇಕು. ಅಷ್ಟರೊಳಗೆ ಸಾಕಷ್ಟು ಬೆಳಕು ಒಳಗೆ ಬರಬೇಕು. ಒಂದು ಊರಿನ ಭಾಗ್ಯ ಇನ್ನೊಂದು ಊರಿಗೆ ದೀಪದಿಂದ ಬಂತು.

ನಾನು ಈ ಕ್ರೀಡಾಂಗಣವನ್ನು ಮೊದಲು ನೋಡಿದ್ದು 1997ರಲ್ಲಿ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದ ವರ್ಷ. ಕೂಟಕ್ಕಾಗಿ ಕಂಠೀರವವನ್ನು ಹೊಸದಾಗಿ ಸಜ್ಜುಗೊಳಿಸಿದ್ದರು. ಕೋರಮಂಗಲದಲ್ಲಿ ಒಳಾಂಗಣ ಕ್ರೀಡಾಂಗಣವೂ ಕ್ರೀಡಾಪಟುಗಳ ವಸತಿಗೆಂದು ರಾಷ್ಟ್ರೀಯ ಕ್ರೀಡಾಗ್ರಾಮವೂ ಎದ್ದಿದ್ದವು. ಕೆಲಸಕ್ಕೆ ಸೇರಿ ಕೆಲವೇ ವರ್ಷವಾಗಿದ್ದ ನಾನು ಒಬ್ಬನೇ ಬಸ್ಸಿನಲ್ಲಿ ಹೋಗಿ, ಬೇಲಿಯ ಹತ್ತಿರ ನಿಂತು, ಆ ಕೆಂಪು ಓಟದ ಪಥವನ್ನು ನೋಡಿದ್ದೆ. ಅಲ್ಲಿಯವರೆಗೆ ನನಗೆ ಟ್ರ್ಯಾಕ್ ಎಂದರೆ ಸುಣ್ಣದ ಪುಡಿಯಲ್ಲಿ ಎಳೆದ ಗೆರೆ, ಮಧ್ಯೆ ಎಲ್ಲಾದರೂ ಹುಲ್ಲು ಮೇಯುವ ಎಮ್ಮೆ. ಮಳೆ ಬಂದರೆ ಗೆರೆಯೂ ಇಲ್ಲ, ಓಟವೂ ಇಲ್ಲ. 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಒಲಿಂಪಿಕ್ ಓಟಗಳು ಕೃತಕ ಹಾಸಿನ ಮೇಲೆ ನಡೆದವು ಎಂದು ಪುಸ್ತಕದಲ್ಲಿ ಓದಿದ್ದೆನಷ್ಟೆ. ಆ ಕೆಂಪು ನೆಲವನ್ನು ಮುಟ್ಟಿ ನೋಡುವ ಆಸೆಯಾಗಿ ಬೇಲಿಯೊಳಗೆ ಕೈ ಚಾಚಿದೆ. ಪೊಲೀಸರು ಗದರಿಸಿದರು.

ಈ ಸಲ ಮಕ್ಕಳೊಡನೆ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕುಳಿತೆ. ಸುಮಾರು ಇಪ್ಪತ್ತೈದು ಸಾವಿರ ಜನ ಹಿಡಿಸುವ ಬಟ್ಟಲಿನಂಥ ಜಾಗ. ಸ್ಪರ್ಧೆಗೆ ಇನ್ನೂ ಹೊತ್ತಿತ್ತು. ಮೇಷ್ಟ್ರು ಸುಮ್ಮನೆ ಕೂರುವುದುಂಟೇ? ಒಂದು ಕಾಗದ ತೆಗೆದು ಲೆಕ್ಕ ಶುರುಮಾಡಿದೆ. ಇದನ್ನು ಓದುವ ಮಕ್ಕಳೂ ಪೆನ್ಸಿಲ್ ತೆಗೆದುಕೊಳ್ಳಬಹುದು.

ಅಂತರರಾಷ್ಟ್ರೀಯ ಸಂಸ್ಥೆ ಹೇಳುವ ಮಾದರಿ ಟ್ರ್ಯಾಕಿನಲ್ಲಿ ಎರಡು ನೇರ ಬದಿಗಳು, ಎರಡು ಅರ್ಧವೃತ್ತಗಳು. ಪ್ರತಿ ನೇರ ಬದಿ 84.39 ಮೀಟರ್, ಅರ್ಧವೃತ್ತದ ತ್ರಿಜ್ಯ 36.5 ಮೀಟರ್. ಓಡುವವರು ಅಂಚಿನ ಕಟ್ಟೆಯ ಮೇಲೆ ಓಡಲಾರರಾದ್ದರಿಂದ ಅಲ್ಲಿಂದ 30 ಸೆಂಟಿಮೀಟರ್ ಈಚೆಗೆ ಅಳೆಯುತ್ತಾರೆ. ಅಂದರೆ ತ್ರಿಜ್ಯ 36.8. ಎರಡು ಅರ್ಧವೃತ್ತ ಸೇರಿದ ಪೂರ್ಣವೃತ್ತದ ಸುತ್ತಳತೆ 231.22. ಎರಡು ನೇರ ಬದಿ 168.78. ಕೂಡಿಸಿ: ಸರಿಯಾಗಿ 400. ನೇರ ಬದಿಯ ಅರ್ಧ ಎಷ್ಟು? 42.195. ಮ್ಯಾರಥಾನ್ ಓಟ ಎಷ್ಟು ಕಿಲೋಮೀಟರ್? ಅದೂ 42.195! ಇದು ಆಕಸ್ಮಿಕ. ಆದರೆ ಮಕ್ಕಳಿಗೆ ಲೆಕ್ಕದಲ್ಲಿ ಆಸೆ ಹುಟ್ಟಿಸಲು ಆಕಸ್ಮಿಕವೂ ಸಾಕು.

ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟ. ಈ ಟ್ರ್ಯಾಕಿನ ಹೊಟ್ಟೆಯೊಳಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್ಬಾಲ್ ಅಂಕಣ ಹಿಡಿಯಬೇಕು. ನಡುವೆ ಅಗಲ 73 ಮೀಟರ್ ಇರುವುದರಿಂದ ತೊಂದರೆಯಿಲ್ಲ. ಕಷ್ಟವಿರುವುದು ನಾಲ್ಕು ಮೂಲೆಗಳಲ್ಲಿ. ಅಂಕಣದ ತುದಿಯ ಹತ್ತು ಮೀಟರ್ ಚಿಲ್ಲರೆ ಆ ಕಡೆಯೂ ಈ ಕಡೆಯೂ ಅರ್ಧವೃತ್ತದೊಳಕ್ಕೆ ಚಾಚುತ್ತದೆ. ಪೈಥಾಗೊರಸನ ಪ್ರಮೇಯ ಹಾಕಿ ನೋಡಿ. ಆ ಜಾಗದಲ್ಲಿ ಮಧ್ಯದ ಗೆರೆಯಿಂದ ಟ್ರ್ಯಾಕಿನ ಅಂಚಿಗೆ 35 ಮೀಟರ್, ಅಂಕಣದ ಮೂಲೆಗೆ 34. ಕೊನೆಗೆ ಉಳಿಯುವುದು ಒಂದೇ ಒಂದು ಮೀಟರ್! ಆ ಒಂದು ಮೀಟರಿನ ದಾಕ್ಷಿಣ್ಯದಿಂದಲೇ ಜಗತ್ತಿನ ಎಷ್ಟೋ ಊರುಗಳಲ್ಲಿ ಓಟದವರೂ ಫುಟ್ಬಾಲಿನವರೂ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಿದ್ದಾರೆ.

ಸಂಸಾರವೆಂದ ಮೇಲೆ ಜಗಳವೂ ಇದೆ. ಬೆಂಗಳೂರು ಎಫ್.ಸಿ. ತಂಡ 2014ರಿಂದ ಇಲ್ಲಿ ಆಡತೊಡಗಿತು. 2016ರ ಅಕ್ಟೋಬರ್ 19ರಂದು ಇದೇ ಅಂಗಳದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು. 2023ರಲ್ಲಿ ಇಲ್ಲಿಯೇ ನಡೆದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಕುವೈತನ್ನು ಪೆನಾಲ್ಟಿ ಒದೆತಗಳಲ್ಲಿ ಮಣಿಸಿತು. ಇದೆಲ್ಲ ಸಂತೋಷವೇ. ಆದರೆ ಹ್ಯಾಮರ್ ಬಿದ್ದ ಕಡೆ ಹುಲ್ಲಿನಲ್ಲಿ ಗುಂಡಿಯಾಗುತ್ತದೆ. ಫುಟ್ಬಾಲಿನವರಿಗೆ ಗುಂಡಿ ಎಂದರೆ ಕಾಲು ಉಳುಕು. ಅವರು ಹುಲ್ಲು ಕಾಯಬೇಕು, ಎಸೆಯುವವರು ಅಭ್ಯಾಸ ಮಾಡಬೇಕು. ಅಂಗಳ ಯಾರಿಗೆ ಎಷ್ಟು ಹೊತ್ತು ಎಂಬ ವಿವಾದ ನ್ಯಾಯಾಲಯದವರೆಗೂ ಹೋಯಿತು. ಬಹೂಪಯೋಗಿ ಎಂಬ ಪದ ಉದ್ಘಾಟನೆಯ ಫಲಕದ ಮೇಲೆ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಆರು ಗಂಟೆಗೆ ಭರ್ಜಿ ಹಿಡಿದು ಬಂದ ಹುಡುಗಿಗೆ ಅಂದು ಗೇಟು ತೆರೆದಿದೆಯೇ ಎಂಬುದೇ ಅದರ ಅರ್ಥ. ಇದು ನಮ್ಮೊಬ್ಬರ ಕಥೆಯಲ್ಲ. ಕೆನಡಾದ ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸಿಗೆ ಕಟ್ಟಿದ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣ 1982ರ ಏಷ್ಯನ್ ಕ್ರೀಡಾಕೂಟಕ್ಕೆ ಹುಟ್ಟಿ, 2010ರ ಕಾಮನ್‌ವೆಲ್ತ್ ಕೂಟಕ್ಕೆ ಮತ್ತೆ ಹೊಸದಾಗಬೇಕಾಯಿತು. ಆ 2010ರ ಕೂಟದಲ್ಲೇ ನಮ್ಮ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 4x400 ಮೀಟರ್ ರಿಲೇ ತಂಡದಲ್ಲಿ ಓಡಿ ಚಿನ್ನ ಗೆದ್ದದ್ದು.

ಕಂಠೀರವಕ್ಕಂತೂ ಆಟಕ್ಕಿಂತ ಬೇರೆ ಉಪಯೋಗಗಳೇ ಹೆಚ್ಚು ನೆನಪಿನಲ್ಲಿ ಉಳಿದಿವೆ. 2006ರ ಏಪ್ರಿಲ್‌ನಲ್ಲಿ ಡಾ. ರಾಜಕುಮಾರ್ ಅವರ ಪಾರ್ಥಿವ ಶರೀರವನ್ನು ಇಲ್ಲಿ ಇರಿಸಿದ್ದರು. 2021ರ ಅಕ್ಟೋಬರ್ ಕೊನೆಯಲ್ಲಿ ಪುನೀತ್ ಅವರನ್ನೂ ಇಲ್ಲಿಗೇ ತಂದರು. ನಮ್ಮೊಡನೆ ಬಂದಿದ್ದ ಪೋಷಕರೊಬ್ಬರು ಆಗ ಚನ್ನಪಟ್ಟಣದಿಂದ ಬೈಕಿನಲ್ಲಿ ಬಂದು ರಾತ್ರಿಯಿಡೀ ಸಾಲಿನಲ್ಲಿ ನಿಂತಿದ್ದರಂತೆ. 'ಆವತ್ತು ಈ ಮೈದಾನ ನನ್ನ ಕಣ್ಣಿಗೇ ಬೀಳಲಿಲ್ಲ ಮೇಷ್ಟ್ರೇ, ಬರೀ ತಲೆಗಳು' ಎಂದರು.

ಇಷ್ಟರಲ್ಲಿ ಒಬ್ಬ ಹುಡುಗಿ ಬೆರಳು ತೋರಿಸಿ ಕೇಳಿದಳು: 'ಸಾರ್, ಓಟ ಶುರುವಾಗೋ ಗೆರೆಗಳು ಯಾಕೆ ಒಂದರ ಮುಂದೆ ಒಂದು ಇವೆ?' ಎಂಟನೆಯ ಲೇನಿನ ಗೆರೆ ಒಂದನೆಯದಕ್ಕಿಂತ ಅಷ್ಟು ಮುಂದಿದೆಯಲ್ಲ, ಅದು ಮೋಸವಲ್ಲವೇ ಎಂಬುದು ಅವಳ ಅನುಮಾನ.

ನಾನು ಉತ್ತರ ಹೇಳುವ ಮೊದಲು ಎರಡು ಸಾಲು ಕೆಳಗೆ ಕೂತಿದ್ದ ಆ ತಾಯಿ ತಿರುಗಿ ನೋಡಿದಳು. ಈಗ ಆ ಇರುಸುಮುರುಸಿನ ಕಾರಣ ಹೇಳಲೇಬೇಕು.

1999ರಲ್ಲಿ ಒಂದು ಕ್ರೀಡಾಕೂಟಕ್ಕೆ ಟ್ರ್ಯಾಕ್ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಡ್ರಿಲ್ ಮೇಷ್ಟ್ರು ಇಲ್ಲದ ಶಾಲೆಯಲ್ಲಿ ಬಿ.ಎಸ್ಸಿ. ಓದಿದವನೇ ಡ್ರಿಲ್ ಮೇಷ್ಟ್ರು. ಬಯಲು ಸಣ್ಣದು, ಒಂದು ಸುತ್ತಿಗೆ 200 ಮೀಟರ್. ನನ್ನ ಬಳಿ ಇದ್ದ ಕೈಪಿಡಿಯಲ್ಲಿ 400 ಮೀಟರ್ ಟ್ರ್ಯಾಕಿನ ಕೋಷ್ಟಕವಿತ್ತು. ಒಂದು ಪೂರ್ಣ ಸುತ್ತಿಗೆ ಎರಡನೆಯ ಲೇನಿನವರನ್ನು 7.04 ಮೀಟರ್ ಮುಂದೆ ನಿಲ್ಲಿಸಬೇಕು, ಮೂರನೆಯವರನ್ನು 14.71, ನಾಲ್ಕನೆಯವರನ್ನು 22.38. ನಮ್ಮ ಬಯಲು ಅದರ ಅರ್ಧವಾದ್ದರಿಂದ ಅಂಕಿಗಳನ್ನೂ ಅರ್ಧ ಮಾಡಿದೆ. ಇಷ್ಟು ಸರಳವಾದ ಲೆಕ್ಕಕ್ಕೆ ಯೋಚನೆ ಏಕೆ? ನಾಲ್ಕನೆಯ ಲೇನಿನ ಗೂಟ 11.19 ಮೀಟರಿನಲ್ಲಿ ಹೊಡೆದೆ.

200 ಮೀಟರ್ ಓಟದಲ್ಲಿ ನಾಲ್ಕನೆಯ ಲೇನಿನಲ್ಲಿ ನಿಂತವಳು ಎಂಟನೆಯ ತರಗತಿಯ ಈ ಹುಡುಗಿ. ಬರಿಗಾಲು, ಲಂಗವನ್ನು ಮೇಲೆತ್ತಿ ಸಿಕ್ಕಿಸಿಕೊಂಡಿದ್ದಳು. ಒಂದನೆಯ ಲೇನಿನ ಹುಡುಗಿ ಗೆದ್ದಳು. ಇವಳು ಮೂರು ದಾಪುಗಾಲಿನಷ್ಟು ಹಿಂದೆ ಎರಡನೆಯವಳಾಗಿ ಬಂದಳು. ಮುಂದಿನ ಹಂತಕ್ಕೆ ಹೋಗುವವರು ಮೊದಲು ಬಂದವರು ಮಾತ್ರ. ಇವಳಿಗೆ ಒಂದು ಸ್ಟೀಲ್ ಲೋಟ ಸಿಕ್ಕಿತು.

ಅವಳ ತಂದೆ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು. ಅವರ ಕೆಲಸವನ್ನು ನೋಡಿದವರಿಗೆ ಗೊತ್ತು. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು. ನನ್ನ ತರಗತಿಯಲ್ಲಿ ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಂದಿಗೂ ಇಲ್ಲ.

ಕೂಟ ಮುಗಿದ ಮೂರನೆಯ ದಿನ ಅವರು ಶಾಲೆಗೆ ಬಂದರು. ಕೈಯಲ್ಲಿ ಒಂದು ಸಣ್ಣ ಬುಗುರಿ, ಒಂದು ದೊಡ್ಡ ಮರದ ಡಬ್ಬಿ, ಒಂದಿಷ್ಟು ದಾರ. ಬುಗುರಿಯ ನಡುವಿಗೆ ದಾರ ಸುತ್ತಿ ತುಂಡು ಮಾಡಿದರು. ಆಮೇಲೆ ಸುತ್ತಲೂ ಒಂದು ಬೆರಳಿನ ಅಂತರ ಬಿಟ್ಟು ಇನ್ನೊಮ್ಮೆ ಅಳೆದರು. ಎಷ್ಟು ಹೆಚ್ಚಾಯಿತೋ ಅಷ್ಟನ್ನು ಕತ್ತರಿಸಿ ನನ್ನ ಮೇಜಿನ ಮೇಲಿಟ್ಟರು. ಡಬ್ಬಿಗೂ ಹಾಗೆಯೇ ಮಾಡಿ ಅದರ ತುಂಡನ್ನು ಪಕ್ಕದಲ್ಲಿಟ್ಟರು. ಎರಡೂ ಒಂದೇ ಉದ್ದ.

'ಸಣ್ದಾಗ್ಲಿ ದೊಡ್ದಾಗ್ಲಿ, ಒಂದು ಬೆರಳು ಆಚಿಗೆ ಹೋದ್ರೆ ಆರು ಬೆರಳು, ಮೇಲೊಂದು ಚೂರು ದಾರ ಜಾಸ್ತಿ ಬೇಕು. ನಮ್ ಕಸುಬ್ನಲ್ಲಿ ಇದು ಹಂಗೇ ಸಾ. ಬಯಲಲ್ಲಿ ಬ್ಯಾರೆ ಇರ್ತದೋ ಏನೋ, ನಮ್ಗೆ ತಿಳೀದು' ಎಂದರು.

ಆರು ಬೆರಳು, ಮೇಲೊಂದು ಚೂರು. ಎರಡು ಪೈ, ಅಂದರೆ 6.28! ವೃತ್ತ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ತ್ರಿಜ್ಯ ಒಂದು ಮೀಟರ್ ಹೆಚ್ಚಿದರೆ ಸುತ್ತಳತೆ 6.28 ಮೀಟರೇ ಹೆಚ್ಚುತ್ತದೆ. ಇಡೀ ಭೂಮಿಗೆ ಹಗ್ಗ ಸುತ್ತಿ ಅದನ್ನು ಎಲ್ಲ ಕಡೆ ಒಂದು ಮೀಟರ್ ಮೇಲೆತ್ತಬೇಕಾದರೂ ಆರೂ ಕಾಲು ಮೀಟರ್ ಚಿಲ್ಲರೆ ಹಗ್ಗ ಸಾಕು. ಲೇನಿನ ಅಗಲ 1.22 ಮೀಟರ್ ಆದ್ದರಿಂದ ಒಂದು ಲೇನಿಗೂ ಮುಂದಿನದಕ್ಕೂ ವ್ಯತ್ಯಾಸ 7.67. ಎರಡನೆಯ ಲೇನಿಗೆ ಮಾತ್ರ 7.04, ಏಕೆಂದರೆ ಒಂದನೆಯದನ್ನು ಅಂಚಿನಿಂದ 30 ಸೆಂಟಿಮೀಟರಿಗೆ ಅಳೆದರೆ ಉಳಿದವನ್ನು ಗೆರೆಯಿಂದ 20 ಸೆಂಟಿಮೀಟರಿಗೆ ಅಳೆಯುತ್ತಾರೆ. ಬಯಲಿನ ಗಾತ್ರ ಈ ಲೆಕ್ಕದೊಳಗೆ ಬರುವುದೇ ಇಲ್ಲ. 400 ಮೀಟರ್ ಟ್ರ್ಯಾಕಿಗೂ 200 ಮೀಟರ್ ಟ್ರ್ಯಾಕಿಗೂ ಅದೇ ಅಂಕಿ. ಅಂದರೆ ಆ ಹುಡುಗಿ ಉಳಿದವರೊಡನೆ 200 ಮೀಟರ್ ಓಡಲಿಲ್ಲ. 211 ಮೀಟರ್ ಓಡಿದ್ದಳು. ಹನ್ನೊಂದು ಮೀಟರ್ ಹೆಚ್ಚು ಓಡಿ ಮೂರು ದಾಪುಗಾಲಿನಿಂದ ಸೋತಿದ್ದಳು.

ಗೆದ್ದವರ ಪಟ್ಟಿ ಆಗಲೇ ಹೋಗಿತ್ತು. ಒಂದು ಅರ್ಜಿ ಬರೆದು, ತಪ್ಪು ನನ್ನದು, ಓಟ ಮತ್ತೊಮ್ಮೆ ನಡೆಸಿ ಎಂದು ಕೇಳಬಹುದಿತ್ತು. ಕಾಗದ ತೆಗೆದುಕೊಂಡದ್ದೂ ಉಂಟು. ವಿಜ್ಞಾನದ ಮೇಷ್ಟ್ರಿಗೆ ವೃತ್ತದ ಲೆಕ್ಕ ಬಾರದು ಎಂದು ತಾಲ್ಲೂಕಿನಲ್ಲೆಲ್ಲ ಆಡಿಕೊಳ್ಳುತ್ತಾರೆಂಬ ಭಯ. ಬರೆಯಲಿಲ್ಲ. ಆ ತಂದೆ ನನ್ನ ಮುಖ ನೋಡಿ, ಬುಗುರಿ, ಡಬ್ಬಿ ಎರಡನ್ನೂ ಶಾಲೆಗೆಂದು ಬಿಟ್ಟು ಹೋದರು. ಅವರು ತೀರಿಕೊಂಡು ವರ್ಷಗಳಾದವು. ಅವೆರಡೂ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿವೆ. ಪ್ರತಿ ವರ್ಷ ಪೈ ಪಾಠಕ್ಕೆ ತೆಗೆಯುತ್ತೇನೆ, ಯಾರು ಕೊಟ್ಟರು, ಏಕೆ ಕೊಟ್ಟರು ಎಂದು ಮಾತ್ರ ಯಾವ ವರ್ಷವೂ ಹೇಳಿರಲಿಲ್ಲ.

ಗ್ಯಾಲರಿಯಲ್ಲಿ ಕೂತು ಆ ಹುಡುಗಿಗೆ ಎಂಟನೆಯ ಲೇನು 53.03 ಮೀಟರ್ ಮುಂದಿರುವುದು ಮೋಸವಲ್ಲ, ಇಲ್ಲದಿದ್ದರೇ ಮೋಸ ಎಂದು ವಿವರಿಸಿದೆ. ಆಮೇಲೆ 1999ರ ಕಥೆಯನ್ನೂ ಹೇಳಿದೆ. ಹೆಸರು ಹೇಳದೆ ಹೇಳಬೇಕೆಂದಿದ್ದೆ. ಕೆಳಗಿನ ಸಾಲಿನಿಂದ ಅವಳು ಇತ್ತ ತಿರುಗಿಯೇ ಕುಳಿತಿದ್ದಳು, ಹೆಸರಿನ ಅಗತ್ಯವೇ ಬೀಳಲಿಲ್ಲ. ಮಗ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದ.

'ನಂಗೆ ಆಗ್ಲೇ ಗೊತ್ತಿತ್ತು ಸಾರ್' ಎಂದಳು. 'ಓಟದ್ ದಿನವೇ ಸಂಜೆ ಅಪ್ಪನ್ನ ಕರ್ಕೊಂಡೋಗಿ ಗೂಟ ತೋರಿಸಿದ್ದೆ. ಹಗ್ಗ ಹಿಡ್ದು ಅಳುದ್ರು. ಮೇಷ್ಟ್ರಿಗೆ ನೀನೇನೂ ಹೇಳ್ಬೇಡ, ನಾನು ಹೋಗ್ ಬತ್ತೀನಿ ಅಂದ್ರು.'

ಕ್ಷಮೆ ಕೇಳುವ ಮಾತು ನನ್ನ ಬಾಯಿಗೆ ಬಂತು. ಅವಳು ಕೇಳಿಸಿಕೊಂಡಳು. 'ಬುಡಿ ಸಾರ್' ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಸ್ವಲ್ಪ ಹೊತ್ತು ಕೆಂಪು ಪಥವನ್ನೇ ನೋಡುತ್ತಿದ್ದು, 'ಇಲ್ಲಿ ಓಡಿದ್ರೆ ಕಾಲಿಗೆ ಹೆಂಗಿರ್ತದೆ ಸಾರ್?' ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನಾನೂ ಅದನ್ನು ಮುಟ್ಟಿರಲಿಲ್ಲವಲ್ಲ.

ಅಷ್ಟರಲ್ಲಿ ದೀಪಗಳು ಬೆಳಗಿ ಜನ ಎದ್ದು ಕೂಗತೊಡಗಿದರು. ಹನ್ನೆರಡು ಮಂದಿ ಎಸೆಗಾರರು. 2016ರ ಒಲಿಂಪಿಕ್ ಚಿನ್ನ ಗೆದ್ದ ಜರ್ಮನಿಯ ಥಾಮಸ್ ರೋಹ್ಲರ್, ಅದೇ ವರ್ಷ ಬೆಳ್ಳಿ ಗೆದ್ದ ಕೀನ್ಯಾದ ಜೂಲಿಯಸ್ ಯೆಗೊ. ಭರ್ಜಿಯ ತೂಕ 800 ಗ್ರಾಂ, ನಮ್ಮ ಮನೆಯ ಒಂದು ಸಣ್ಣ ತೆಂಗಿನಕಾಯಿಯಷ್ಟು. ಅದು ಬೀಳಬೇಕಾದ ಜಾಗವನ್ನು 28.96 ಡಿಗ್ರಿ ಕೋನದಲ್ಲಿ ಗುರುತಿಸುತ್ತಾರೆ. ಈ ವಿಚಿತ್ರ ಅಂಕಿ ಏಕೆ ಎಂದರೆ, ಆ ಕೋನವಿಟ್ಟರೆ ಎಷ್ಟು ದೂರವೋ ಅದರ ಅರ್ಧ ಅಗಲ. 40 ಮೀಟರಿನಲ್ಲಿ ಎರಡು ಗೆರೆಗಳ ನಡುವೆ 20 ಮೀಟರ್, 80ರಲ್ಲಿ 40. ಕೋನಮಾಪಕವಿಲ್ಲದ ಹಳ್ಳಿ ಮೇಷ್ಟ್ರು ಕೂಡ ಬರೀ ಹಗ್ಗದಲ್ಲಿ ಹಾಕಬಹುದು. ಇದನ್ನು ಯಾರು ಯೋಚಿಸಿದರೋ, ಪುಣ್ಯಾತ್ಮರು.

ಭರ್ಜಿಗೂ ಕ್ರೀಡಾಂಗಣಕ್ಕೂ ಒಂದು ಹಳೆಯ ವ್ಯಾಜ್ಯವಿದೆ. 1984ರ ಜುಲೈ 20ರಂದು ಪೂರ್ವ ಬರ್ಲಿನ್ನಿನಲ್ಲಿ ಉವೆ ಹೋನ್ ಎಂಬಾತ 104.80 ಮೀಟರ್ ಎಸೆದ. ಹುಲ್ಲಿನ ಅಂಗಳದ ಒಟ್ಟು ಉದ್ದವೇ 157 ಮೀಟರ್. ಇನ್ನಷ್ಟು ದೂರ ಹೋದರೆ ಭರ್ಜಿ ಆಚೆ ತುದಿಯಲ್ಲಿ ಓಡುವವರ ಮೇಲೆ, ಆಮೇಲೆ ಪ್ರೇಕ್ಷಕರ ಮೇಲೆ! ಕ್ರೀಡಾಂಗಣವನ್ನು ಹಿಗ್ಗಿಸಲಾಗುತ್ತದೆಯೇ? ಭರ್ಜಿಯನ್ನೇ ಬದಲಿಸಿದರು. 1986ರಿಂದ ಪುರುಷರ ಭರ್ಜಿಯ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಮೂತಿ ಬೇಗ ಬಾಗಿ ನೆಲಕ್ಕೆ ಚುಚ್ಚಿಕೊಳ್ಳತೊಡಗಿತು, ದೂರ ಕಡಿಮೆಯಾಯಿತು. ನಮ್ಮ ಹುಡುಗ ತನ್ನ ಬಿದಿರಿನ ತುದಿಗೆ ತಂತಿ ಸುತ್ತಿದ ಮೇಲೆ ಅದು ಸರಿಯಾಗಿ ನೆಡುತ್ತದೆ ಎಂದು ಹಿಂದೊಮ್ಮೆ ಹೇಳಿದ್ದ. ಜಾಗತಿಕ ಸಂಸ್ಥೆ ಮಾಡಿದ್ದೂ ಅದನ್ನೇ ಎಂದಾಗ ಅವನಿಗೆ ನಂಬಿಕೆ ಬರಲಿಲ್ಲ.

ನೀರಜ್ ಅವರ ಮೊದಲ ಎಸೆತ ಫೌಲ್. ಸಾವಿರಾರು ಜನ ಒಟ್ಟಿಗೆ ನಿಟ್ಟುಸಿರು ಬಿಟ್ಟರೆ ಹೇಗಿರುತ್ತದೆಂದು ಮೊದಲ ಸಲ ಕೇಳಿದೆ. ಎರಡನೆಯದು 82.99. ಮೂರನೆಯದಕ್ಕೆ ಜನ ತಾಳ ಹಾಕಿ ಚಪ್ಪಾಳೆ ತಟ್ಟತೊಡಗಿದರು. ಓಡಿ ಬಂದು, ಅಡ್ಡ ಹೆಜ್ಜೆ ಹಾಕಿ, ಎಡಗಾಲನ್ನು ಕಂಬದಂತೆ ಊರಿ ಎಸೆದರು. ನಾವು ಕೂತ ಜಾಗದಿಂದ ಭರ್ಜಿ ದೀಪದ ಬೆಳಕಿನಲ್ಲಿ ಒಂದು ಸೂಜಿಯ ಹಾಗೆ ಹೊಳೆದು, ಕಣ್ಣಿಗೆ ತಪ್ಪಿ, ಮತ್ತೆ ಹುಲ್ಲಿನಲ್ಲಿ ನಿಂತದ್ದು ಕಾಣಿಸಿತು. 86.18 ಮೀಟರ್. ಕೊನೆಗೆ ಗೆದ್ದದ್ದೂ ಅದೇ. ಯೆಗೊ 84.51, ಶ್ರೀಲಂಕಾದ ರುಮೇಶ್ ಪತಿರಗೆ 84.34. ನಮ್ಮ ಹುಡುಗ ಕೂಗಲಿಲ್ಲ, ಕುಣಿಯಲಿಲ್ಲ. ಆ ಎಡಗಾಲನ್ನು ಊರಿದ ರೀತಿಯನ್ನು ಕುಳಿತಲ್ಲೇ ತನ್ನ ಕಾಲಿನಿಂದ ಮಾಡಿ ಮಾಡಿ ನೋಡುತ್ತಿದ್ದ. ಮುಂದಿನ ಸಾಲಿನವರಿಗೆ ಎರಡು ಸಲ ಒದೆ ಬಿತ್ತು.

ಹೊರಗೆ ಬರುವಷ್ಟರಲ್ಲಿ ರಾತ್ರಿಯಾಗಿತ್ತು. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಬಸ್ಸು ಹಿಡಿದೆವು. ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋದರು. ಬಿಡದಿ ದಾಟಿದ ಮೇಲೆ ಆ ತಾಯಿ ಹಿಂದಿನ ಸೀಟಿನಿಂದ ಬಂದು, ಶಾಲೆಯ ಕ್ರೀಡಾಕೂಟ ಯಾವಾಗ ಎಂದು ಕೇಳಿದಳು. ಆಗಸ್ಟಿನಲ್ಲಿ ಎಂದೆ. 'ಟ್ರ್ಯಾಕ್ ಹಾಕೋ ದಿನ ಹೇಳಿ ಕಳ್ಸಿ, ಟೇಪ್ ಹಿಡ್ಕೊಂಡು ಬತ್ತೀನಿ' ಎಂದಳು.

ಬಂದಳು. ಡ್ರಿಲ್ ಮೇಷ್ಟ್ರು ಹಗ್ಗ ಹಿಡಿದರು, ಮಗ ಗೂಟ ಹಿಡಿದ, ಅವಳು ಅಳೆದಳು. ನಾಲ್ಕನೆಯ ಲೇನಿನ ಗೂಟ 22.38 ಮೀಟರಿನಲ್ಲಿ ಹೊಡೆದೆವು. ಸಂಜೆ ದೊಡ್ಡ ಮಳೆ ಹೊಯ್ದು ಸುಣ್ಣವೆಲ್ಲ ಕೊಚ್ಚಿಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಎಳೆದೆವು. ಗೂಟಗಳು ಅಲ್ಲೇ ಇದ್ದವು.